ಚಮಚದಲ್ಲಿ ಉಣ್ಣುವ ಮಕ್ಕಳು

ಪ್ರೊಫೆಸರ್ ಉಮಾಶಂಕರ ಅವರಿಗೆ ನಮ್ಮ ಶಾಲೆಯಲ್ಲಿ ಕಂಡದ್ದು ಚಮಚ. ಬೇರೇನೂ ಕಾಣಲಿಲ್ಲ.

ಕಳೆದ ವರ್ಷದ ಆಗಸ್ಟ್. ಮಧ್ಯಾಹ್ನ ಹನ್ನೆರಡೂ ಮುಕ್ಕಾಲು, ಬಿಸಿಯೂಟದ ಹೊತ್ತು. ಜಗುಲಿಯ ಮೇಲೆ ಮೂವತ್ತೆಂಟು ಮಕ್ಕಳು ಕೂತಿದ್ದವು. ಹದಿನಾರು ಮಕ್ಕಳು ಕೈಯಲ್ಲಿ ಕಲಸಿಕೊಂಡು ಉಣ್ಣುತ್ತಿದ್ದವು. ಇಪ್ಪತ್ತೆರಡು ಮಕ್ಕಳು ಸ್ಟೀಲ್ ಚಮಚದಲ್ಲಿ ಉಣ್ಣುತ್ತಿದ್ದವು. ಪ್ರೊಫೆಸರು ಕಾರಿನಿಂದ ಇಳಿದವರೇ ನಿಂತುಬಿಟ್ಟರು.

“ವಂಡರ್‌ಫುಲ್, ಪವಿತ್ರಾ! ಸರ್ಕಾರಿ ಶಾಲೆ. ಅದೂ ಗಾವಡಗೆರೆಯಿಂದ ಇನ್ನೂ ಒಳಗೆ. ಇಲ್ಲಿ ಟೇಬಲ್ ಮ್ಯಾನರ್ಸ್! ಯಾರು ಕಲಿಸಿದ್ದು?”

“ಚಮಚ ನಾನೇ ತಂದಿದ್ದು ಸಾರ್,” ಎಂದೆ.

ಅದು ಸುಳ್ಳಲ್ಲ. ಹುಣಸೂರಿನ ಸಂತೆಯಲ್ಲಿ ಎರಡು ಡಜನ್ ಕೊಂಡು ತಂದಿದ್ದೆ. ಯಾಕೆ ತಂದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಮೊಬೈಲ್ ತೆಗೆದು ಮಕ್ಕಳ ಬಾಯಿಯ ಹತ್ತಿರ ಹಿಡಿದು ಹನ್ನೊಂದು ಫೋಟೋ ಹೊಡೆದರು. ಅಡುಗೆಯ ಪ್ರೇಮಮ್ಮ ತಟ್ಟೆ ತಂದರೆ, ಬೆಳಗ್ಗೆ ತಿಂದದ್ದೇ ಕರಗಿಲ್ಲ ಎಂದು ಹೊಟ್ಟೆ ತಟ್ಟಿಕೊಂಡರು. ಕಾರಿನಲ್ಲಿದ್ದ ಬಾಟಲಿಯ ನೀರು ಕುಡಿದರು. ಒಂದೂಕಾಲಿಗೆ ಹೊರಟೇಹೋದರು. ಇದಕ್ಕೆ ಅವರ ಭಾಷೆಯಲ್ಲಿ ಕ್ಷೇತ್ರ ವೀಕ್ಷಣೆ ಎಂದು ಹೆಸರು.

ನಾನು ಈ ಶಾಲೆಯ ಮುಖ್ಯ ಶಿಕ್ಷಕಿ. ಅವರು ನನ್ನ ಗೈಡು. ನಾಲ್ಕು ವರ್ಷದಿಂದ ನಾನು ಮೈಸೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಓದುತ್ತಿದ್ದೆ. ಶೈಕ್ಷಣಿಕ ನಾಯಕತ್ವದಲ್ಲಿ ವೃತ್ತಿಪರ ಡಾಕ್ಟರೇಟ್. ಇದು ಎಲ್ಲರಿಗೂ ಗೊತ್ತಿರುವ ಪಿಎಚ್.ಡಿ. ಅಲ್ಲ. ಇದಕ್ಕೆ ನೌಕರಿ ಬಿಡಬೇಕಾಗಿಲ್ಲ. ಕೆಲಸ ಮಾಡುವ ಜಾಗದಲ್ಲೇ ಒಂದು ಸಮಸ್ಯೆ ಹುಡುಕಬೇಕು. ಅದನ್ನು ನಾಯಕತ್ವದಿಂದ ಬಗೆಹರಿಸಬೇಕು. ಹೇಗೆ ಬಗೆಹರಿಸಿದೆ ಎಂದು ಇನ್ನೂರು ಪುಟ ಬರೆಯಬೇಕು. ಆಮೇಲೆ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಹುದು.

ಕ್ಲಾಸಿನಲ್ಲಿ ಹನ್ನೊಂದು ಜನ ಇದ್ದೆವು. ಒಂಬತ್ತು ಜನ ಸ್ವಂತ ಶಾಲೆ ಇಟ್ಟುಕೊಂಡವರು. ಕೆ.ಆರ್. ನಗರದ ಒಬ್ಬರ ಸಮಸ್ಯೆ, ಶಾಲೆಯ ಬಸ್ಸು ತಡವಾಗಿ ಬರುತ್ತದೆ. ಪಿರಿಯಾಪಟ್ಟಣದ ಒಬ್ಬರ ಸಮಸ್ಯೆ, ಪೋಷಕರು ಮೀಟಿಂಗಿಗೆ ಬಂದರೆ ಪ್ರಶ್ನೆ ಕೇಳುತ್ತಾರೆ. ಮತ್ತೊಬ್ಬರು ಸಮಸ್ಯೆಯೇ ಸಿಗದೆ ಎರಡು ವರ್ಷ ಹುಡುಕುತ್ತಲೇ ಇದ್ದರು. ಮಧ್ಯಾಹ್ನ ಊಟಕ್ಕೆ ಹೋಗಿ ಬಂದು, ಎಸಿ ಹಾಕಿಸಿಕೊಂಡು, ನಾಯಕ ಎಂದರೆ ಯಾರು ಎಂದು ಚರ್ಚೆ ಮಾಡುತ್ತಿದ್ದರು. ಅರ್ಧ ಜನ ಚರ್ಚೆಯಲ್ಲಿ ನಿದ್ದೆ ಹೋಗುತ್ತಿದ್ದರು. ಎಚ್ಚರವಾದವರು ನಾನು ಒಪ್ಪುತ್ತೇನೆ ಎನ್ನುತ್ತಿದ್ದರು.

ಅವರಲ್ಲಿ ಒಬ್ಬ ಧರ್ಮೇಂದ್ರ. ನಮ್ಮೂರಿನ ದೊಡ್ಡಮನೆಯವನು. ಹುಣಸೂರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ, ಊರಿನಲ್ಲಿ ಹೊಗೆಸೊಪ್ಪು ಕಾಯಿಸಿ ಒಣಗಿಸುವ ಆರು ಬ್ಯಾರನ್ನು, ಸುತ್ತ ಅದೇ ಸೊಪ್ಪಿನ ಹೊಲ. ಮೊದಲ ದಿನ ಪ್ರತಿಯೊಬ್ಬರೂ ಎದ್ದು ನಿಂತು, ನಾನು ಹೇಗೆ ನಾಯಕನಾದೆ ಎಂದು ಹೇಳಬೇಕಿತ್ತು. ಅವನು ಎದ್ದ. “ನಮ್ಮದು ಮೂರು ತಲೆಮಾರಿಂದ ನಾಯಕತ್ವದ ಮನೆತನ,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮಾತು ನಿಜವೇ. ಮೂರು ತಲೆಮಾರಿನಿಂದ ನಮ್ಮವರು ಅವರ ಅಂಗಳದಲ್ಲಿ ನೆಲದ ಮೇಲೆ ಕೂತಿದ್ದಾರೆ. ನಾನೂ ಚಪ್ಪಾಳೆ ತಟ್ಟಿದೆ.

ಮೈಸೂರಿನಲ್ಲಿ ಅವನು ನನ್ನನ್ನು ಮೇಡಂ ಎನ್ನುತ್ತಿದ್ದ. ಊರಿನಲ್ಲಿ ನಾನು ಎದುರಾದರೆ, “ಏನು, ತಿಮ್ಮಮ್ಮನ ಮಗಳು ಚೆನ್ನಾಗವ್ಳಾ?” ಎಂದು ನನ್ನನ್ನೇ ಕೇಳುತ್ತಿದ್ದ.

ನಮ್ಮದು ಹೊಲಗೇರಿ. ಸರ್ಕಾರಿ ಕಾಗದದಲ್ಲಿ ಕಾಲೋನಿ. ಇಲಾಖೆಯ ಮೀಟಿಂಗಿಗೆ ಹೋದರೆ ನನಗೆ ಕೊನೆಯ ಬೆಂಚು. ಹದಿನಾಲ್ಕು ವರ್ಷ ಸರ್ವಿಸ್ ಆದಮೇಲೂ, “ಅಮ್ಮಾ, ಸ್ವಲ್ಪ ಆ ಕಾಫಿ ಲೋಟ ಎತ್ತಿಡಿ,” ಎಂದು ನನಗೇ ಹೇಳುತ್ತಾರೆ. ಪಕ್ಕದಲ್ಲಿ ನನಗಿಂತ ಚಿಕ್ಕವರಿದ್ದರೂ ನನಗೇ ಹೇಳುತ್ತಾರೆ. ಡಾಕ್ಟರ್ ಪವಿತ್ರಾ ಎಂದಾದರೆ ಲೋಟ ಎತ್ತಿಡಲು ಹೇಳುವ ನಾಲಿಗೆ ಒಂದು ಗಳಿಗೆ ತಡವರಿಸುತ್ತದೆ ಎಂದುಕೊಂಡೆ. ನನಗೆ ಬೇಕಾದದ್ದು ಅಷ್ಟೇ. ಜ್ಞಾನ, ಸಂಶೋಧನೆ, ಸಮಾಜ ಎಂದೆಲ್ಲ ನಾನು ಸುಳ್ಳು ಹೇಳುವುದಿಲ್ಲ. ಆ ಒಂದು ಗಳಿಗೆಗೆ ನಾಲ್ಕು ವರ್ಷದ ಭಾನುವಾರಗಳನ್ನು ಸುಟ್ಟೆ.

ಈಗ ಚಮಚದ ವಿಷಯ ಹೇಳುತ್ತೇನೆ.

ಜುಲೈ ಬಂತೆಂದರೆ ನಮ್ಮ ಕಡೆ ಹೊಗೆಸೊಪ್ಪು ಮುರಿಯುತ್ತಾರೆ. ಇಬ್ಬನಿ ಆರುವ ಮೊದಲೇ ಗಂಡಸರು ಸೊಪ್ಪು ಮುರಿದು ಹೊತ್ತು ತಂದು ಬ್ಯಾರನ್ನಿನ ಮುಂದೆ ಸುರಿಯುತ್ತಾರೆ. ಹೆಂಗಸರು ಮಕ್ಕಳು ಸುತ್ತ ಕೂತು ಅದನ್ನು ಕಡ್ಡಿಗೆ ಕಟ್ಟಬೇಕು. ಮೂರು ಎಲೆ ಎತ್ತು, ತೊಟ್ಟು ಸೇರಿಸು, ದಾರ ಸುತ್ತು, ಬಿಗಿ. ಮತ್ತೆ ಮೂರು ಎಲೆ. ಈ ಕಡೆ ಒಂದು ಗೊಂಚಲು, ಆ ಕಡೆ ಒಂದು ಗೊಂಚಲು. ಕಡ್ಡಿ ತುಂಬಿದರೆ ಇನ್ನೊಂದು ಕಡ್ಡಿ. ಸಣ್ಣ ಬೆರಳಿದ್ದಷ್ಟೂ ಕೆಲಸ ಬೇಗ. ಅದಕ್ಕೇ ಮಕ್ಕಳು ಬೇಕು. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಏರಿಸಿ ಬೆಂಕಿ ಹಾಕುತ್ತಾರೆ. ಹಸಿ ಸೊಪ್ಪು ಕಾಯುವುದಿಲ್ಲ, ರಾಶಿಯಲ್ಲೇ ಕಾವು ಹಿಡಿದು ಕೆಡುತ್ತದೆ. ಶಾಲೆ ಕಾಯುತ್ತದೆ.

ಹಸಿ ಸೊಪ್ಪಿನಿಂದ ಅಂಟು ಬರುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಮಧ್ಯಾಹ್ನದ ಹೊತ್ತಿಗೆ ಕಪ್ಪು. ಸೋಪಿಗೆ ಹೋಗುವುದಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದರೆ ಅಷ್ಟಿಷ್ಟು ಹೋಗುತ್ತದೆ, ಜೊತೆಗೆ ಚರ್ಮವೂ ಹೋಗುತ್ತದೆ. ಆ ಕೈಯಲ್ಲಿ ಅನ್ನ ಕಲಸಿದರೆ ಅನ್ನ ವಿಷದಂತೆ ಕಹಿ. ನಾಲಿಗೆಗೆ ತಾಗಿದರೆ ಗಂಟಲು ಕಚ್ಚಿಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ನಮ್ಮವ್ವ ತಿಮ್ಮಮ್ಮ ಮೂವತ್ತು ವರ್ಷ ದೊಡ್ಡಮನೆಯ ಅಂಗಳದಲ್ಲಿ ಸೊಪ್ಪು ಕಟ್ಟಿದಳು. ನಾನು ಆರು ವರ್ಷದವಳಿದ್ದಾಗಿನಿಂದ ಸೀಸನ್ ಪೂರ್ತಿ ನಾನೇ ಅವಳ ಬಾಯಿಗೆ ತುತ್ತು ಇಡುತ್ತಿದ್ದೆ. ಬೇರೆ ಮನೆಗಳಲ್ಲಿ ತಾಯಂದಿರು ಮಕ್ಕಳಿಗೆ ಉಣ್ಣಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಹಾಸ್ಟೆಲಿಗೆ ಹೋದಮೇಲೆ.

ಈಗಲೂ ಅದೇ ಅಂಗಳ. ಕೇರಿಯ ಇಪ್ಪತ್ತೆರಡು ಮಕ್ಕಳು ಬೆಳಗ್ಗೆ ಆರಕ್ಕೆ ಬ್ಯಾರನ್ನಿಗೆ ಹೋಗುತ್ತವೆ. ಹನ್ನೆರಡೂವರೆಗೆ ಶಾಲೆಗೆ ಊಟಕ್ಕೆ ಬರುತ್ತವೆ. ಉಂಡು ಮತ್ತೆ ಓಡುತ್ತವೆ. ಕಪ್ಪು ಕೈಯಲ್ಲಿ ತಟ್ಟೆ ಮುಂದೆ ಕೂತು ಅನ್ನವನ್ನು ನೋಡುತ್ತಿದ್ದವು. ನಾಯಿಯ ಹಾಗೆ ತಟ್ಟೆಗೆ ಬಾಯಿ ಹಾಕಿದವೂ ಇದ್ದವು. ನೋಡಲಾರದೆ ಚಮಚ ತಂದೆ. ಬ್ಯಾರನ್ನಿಗೆ ಹೋಗಿ ಮಕ್ಕಳನ್ನು ಎಬ್ಬಿಸಿಕೊಂಡು ಬರಬೇಕಾಗಿದ್ದವಳು ಅಂಗಡಿಗೆ ಹೋಗಿ ಚಮಚ ತಂದೆ. ಇದು ನಾನು ಮಾಡಿದ ನಾಯಕತ್ವ.

ಹಾಜರಿ ಪುಸ್ತಕದಲ್ಲಿ ಆ ಮಕ್ಕಳೆಲ್ಲ ಬೆಳಗ್ಗೆಯಿಂದ ಹಾಜರು. ಬರೆದವಳು ನಾನು. ಇಪ್ಪತ್ತೆರಡು ಮಕ್ಕಳು ಬರುವುದಿಲ್ಲ ಎಂದು ಬರೆದರೆ ಶಾಲೆಯನ್ನು ಮುಚ್ಚಿ ಬೇರೆ ಊರಿನ ಶಾಲೆಗೆ ಸೇರಿಸುತ್ತಾರೆ. ಊಟದ ಅಕ್ಕಿಯೂ ನಿಲ್ಲುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡು ಆರು ವರ್ಷ ಸಹಿ ಹಾಕಿದೆ. ಮಕ್ಕಳು ನಿಜವಾಗಿ ಎಷ್ಟು ಗಂಟೆಗೆ ಬಂದವು ಎಂಬುದನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಗುಟ್ಟಾಗಿ ಬರೆದಿಡುತ್ತಿದ್ದೆ.

ಡಾಕ್ಟರೇಟಿಗೆ ನಾನು ಆರಿಸಿಕೊಂಡಿದ್ದ ವಿಷಯ ಇದೇ. ಹೊಗೆಸೊಪ್ಪಿನ ಸೀಸನ್ನಿನಲ್ಲಿ ಶಾಲೆಗೆ ಬಾರದ ಮಕ್ಕಳು. ಕ್ಷೇತ್ರ ವೀಕ್ಷಣೆ ಮುಗಿಸಿ ಹೋದಮೇಲಿನ ಭಾನುವಾರ ಉಮಾಶಂಕರ ಅವರು ನನ್ನನ್ನೂ ಧರ್ಮೇಂದ್ರನನ್ನೂ ಕೋಣೆಗೆ ಕರೆದರು.

“ಪವಿತ್ರಾ, ನಿಮ್ಮ ರಿಜಿಸ್ಟರ್ ಪ್ರಕಾರ ಆಗಸ್ಟ್‌ನಲ್ಲಿ ಹಾಜರಾತಿ ತೊಂಬತ್ತನಾಲ್ಕು ಪರ್ಸೆಂಟ್. ಸಮಸ್ಯೆ ಎಲ್ಲಿದೆ?”

ರಿಜಿಸ್ಟರಿನ ನಕಲನ್ನು ನನ್ನ ಕಡೆ ತಿರುಗಿಸಿ ಸಹಿಯ ಮೇಲೆ ಬೆರಳಿಟ್ಟರು.

“ಸಹಿ ನಿಮ್ಮದೇ ತಾನೆ? ಮತ್ತೆ? ಡೇಟಾ ಇಲ್ಲದ ಕಡೆ ಸಮಸ್ಯೆ ಹುಡುಕೋದು ನಾಯಕತ್ವ ಅಲ್ಲ. ನಿಮ್ಮ ಕೈಲಿ ಬಂಗಾರ ಇದೆ, ನಿಮಗೇ ಗೊತ್ತಿಲ್ಲ. ಚಮಚ! ತಳಸಮುದಾಯದ ಮಕ್ಕಳಲ್ಲಿ ಊಟದ ಶಿಷ್ಟಾಚಾರ, ಅದರಿಂದ ಆತ್ಮಗೌರವ. ‘ಘನತೆಯ ಊಟ’ ಅಂತ ಟೈಟಲ್ ಕೊಡಿ.”

ಧರ್ಮೇಂದ್ರ ನನ್ನ ಮುಖ ನೋಡಿ ನಕ್ಕ. ಚಮಚ ಯಾಕೆ ಬಂತು ಎಂದು ಆ ಕೋಣೆಯಲ್ಲಿ ನನ್ನಷ್ಟೇ ಗೊತ್ತಿದ್ದವನು ಅವನೊಬ್ಬನೇ.

“ಒಳ್ಳೆ ಐಡಿಯಾ ಸಾರ್. ಹೋಬಳಿಯ ಎಲ್ಲ ಶಾಲೆಗೂ ನಾನೇ ಚಮಚ ಕೊಡಿಸ್ತೀನಿ. ಸಮುದಾಯ ಸಹಭಾಗಿತ್ವ ಅಂತ ನನ್ನ ಪ್ರಬಂಧಕ್ಕೂ ಆಯ್ತದೆ,” ಎಂದ.

ಆ ಕೋಣೆಯಿಂದ ಎದ್ದು ಬರಬಹುದಿತ್ತು. ಬರಲಿಲ್ಲ. ಆಗಲಿ ಸಾರ್ ಎಂದೆ. ಒಂದು ವರ್ಷ ಕೂತು ‘ಘನತೆಯ ಊಟ’ ಬರೆದೆ. ಚಮಚ ಹಿಡಿಯುವುದರಿಂದ ಮಗುವಿನ ಆತ್ಮವಿಶ್ವಾಸ ಶೇಕಡಾ ಇಷ್ಟು ಹೆಚ್ಚಿತು ಎಂದು ಪಟ್ಟಿ ಹಾಕಿದೆ. ಕ್ಲಾಸಿನಲ್ಲಿ ನನ್ನ ಅಧ್ಯಾಯವನ್ನು ಮಾದರಿ ಎಂದು ಓದಿಸಿದರು. ನಿದ್ದೆ ಹೋಗುತ್ತಿದ್ದವರೂ ಎದ್ದು ಕೈ ಕುಲುಕಿದರು. ನನ್ನಷ್ಟು ಚೆನ್ನಾಗಿ ಸುಳ್ಳು ಬರೆಯುವವರು ಆ ವಿಶ್ವವಿದ್ಯಾಲಯದಲ್ಲೇ ಇರಲಿಲ್ಲ. ಇದ್ದರೂ ಅವರಿಗೆ ನನ್ನಂಥ ಕೈಬರಹ ಇರಲಿಲ್ಲ.

ಕೊನೆಯ ಮಂಡನೆಯನ್ನು ಈ ವರ್ಷದ ಆಗಸ್ಟ್‌ನಲ್ಲಿ ನಮ್ಮ ಶಾಲೆಯಲ್ಲೇ ಇಟ್ಟರು. ಉಮಾಶಂಕರ, ಬೆಂಗಳೂರಿನಿಂದ ಒಬ್ಬ ಹೊರಗಿನ ಪರೀಕ್ಷಕ, ನಮ್ಮ ಇಲಾಖೆಯ ಒಬ್ಬ ಅಧಿಕಾರಿ. ಹನ್ನೊಂದು ಗಂಟೆಗೆ ನನ್ನ ಭಾಷಣ, ಆಮೇಲೆ ಮಕ್ಕಳ ಜೊತೆ ಚಮಚದಲ್ಲಿ ಊಟ, ಸಂಜೆ ಫಲಿತಾಂಶ. ಎಂಟು ಗಂಟೆಗೆ ಮಕ್ಕಳನ್ನೆಲ್ಲ ಕಳಿಸುತ್ತೇನೆಂದು ಧರ್ಮೇಂದ್ರ ಮಾತು ಕೊಟ್ಟಿದ್ದ.

ಎಂಟಾಯಿತು. ಎಂಟೂವರೆಯಾಯಿತು. ಕೇರಿಯ ಒಂದು ಮಗುವೂ ಬರಲಿಲ್ಲ. ಇಸ್ತ್ರಿ ಮಾಡಿದ ರೇಷ್ಮೆ ಸೀರೆಯಲ್ಲೇ ಬ್ಯಾರನ್ನಿಗೆ ಹೋದೆ. ಅಂಗಳದ ತುಂಬ ಹಸಿ ಸೊಪ್ಪಿನ ರಾಶಿ. ಸುತ್ತ ಹೆಂಗಸರು, ಮಕ್ಕಳು. ಕೇರಿಯ ಅಂಕಯ್ಯ ಹೊರೆ ತಂದು ಹಾಕುತ್ತಿದ್ದ. ಅವನ ಮಗಳು ಅನು ನನ್ನ ಐದನೇ ತರಗತಿಯವಳು. ರಾಶಿಯ ಪಕ್ಕದಲ್ಲಿ ಕೂತು ಕಟ್ಟುತ್ತಿದ್ದಳು.

“ಅಂಕಯ್ಯ, ಮಕ್ಕಳ್ನ ಕಳ್ಸು. ಇವತ್ತು ಸಾಹೇಬ್ರು ಬತ್ತಾರೆ.”

“ಕಳಿಸಾಕೇನು ಮೇಡಂ, ದೊಡ್ಡಮನೆಯವ್ರೇ ಏಳವ್ರೆ. ಆದ್ರೆ ಈ ರಾಸಿ ಮುಗಿಸಿ ಓಗ್ಲಿ ಅಂದವ್ರೆ. ಸೊಪ್ಪು ಕಾವು ಇಡ್ದುಬುಟ್ರೆ ನಮ್ಮ ತಲೆ ಮ್ಯಾಕೆ ಬತ್ತದೆ.”

ಧರ್ಮೇಂದ್ರನಿಗೆ ಡಾಕ್ಟರೇಟೂ ಬೇಕು, ಸೊಪ್ಪೂ ಕೆಡಬಾರದು. ಮೊದಲು ಸೊಪ್ಪು. ನಾನು ರಾಶಿ ನೋಡಿದೆ. ಎರಡು ಗಂಟೆಯ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅನುವಿನ ಪಕ್ಕ ಕೂತೆ.

ಇಪ್ಪತ್ತೈದು ವರ್ಷವಾಗಿತ್ತು ಸೊಪ್ಪು ಮುಟ್ಟಿ. ಬೆರಳು ಮರೆತಿರಲಿಲ್ಲ. ಮೂರು ಎಲೆ, ತೊಟ್ಟು, ದಾರ, ಬಿಗಿ. ಎಲೆಯ ಮೇಲಿನ ನೀರು ಮೊಣಕೈ ತನಕ ಇಳಿಯಿತು. ದಾರ ತೋರುಬೆರಳಿನ ಸಂದಿಯನ್ನು ಕುಯ್ಯಿತು. ಆ ಗಾಯಕ್ಕೆ ಅಂಟು ಇಳಿದು ಉರಿಯತೊಡಗಿತು. ಅರ್ಧ ಗಂಟೆಗೆ ಸೊಂಟ ಬಿಗಿಯಿತು. ಒಂದು ಗಂಟೆಗೆ ತಲೆ ಸುತ್ತಿತು. ಎದುರಿಗೆ ಕೂತಿದ್ದ ಎರಡನೇ ಕ್ಲಾಸಿನ ಮಗು ನನಗಿಂತ ಬೇಗ ಕಟ್ಟುತ್ತಿತ್ತು. ಅದಕ್ಕೆ ಎರಡರ ಮಗ್ಗಿ ಬರುವುದಿಲ್ಲ.

ಅನು ಒಮ್ಮೆ ಎದ್ದು ಹೋಗಿ ಗೋಡೆಯ ಮರೆಯಲ್ಲಿ ವಾಂತಿ ಮಾಡಿ ಬಂದಳು. ಬಾಯಿಯನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ಕಡ್ಡಿ ಎತ್ತಿಕೊಂಡಳು.

“ಏನಾಯ್ತು ಮಗ?”

“ಏನಿಲ್ಲ ಮಿಸ್. ದಿನಾ ಅಂಗೇ. ವಾಂತಿ ಆದ್ಮೇಕೆ ಸರಿಯಾಯ್ತದೆ.”

ರಾಶಿ ಮುಗಿದಾಗ ಹತ್ತೂ ಮುಕ್ಕಾಲು. ಸೀಮೆಎಣ್ಣೆಯಲ್ಲಿ ಕೈ ಉಜ್ಜಲು ಹೊತ್ತಿರಲಿಲ್ಲ. ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಓಡಿದೆ. ಶಾಲೆಯ ಮುಂದೆ ಎರಡು ಕಾರು ನಿಂತಿದ್ದವು. ಧರ್ಮೇಂದ್ರ ಬಿಳಿ ಅಂಗಿಯಲ್ಲಿ ಎಲ್ಲರಿಗೂ ಎಳನೀರು ಕೊಡಿಸುತ್ತಿದ್ದ. ಶಾಮಿಯಾನ ಹಾಕಿಸಿದ್ದ. ಫೋಟೋದವನನ್ನೂ ಕರೆಸಿದ್ದ.

ನಾನು ಪರದೆಯ ಮುಂದೆ ನಿಂತೆ. ‘ಘನತೆಯ ಊಟ’ ಎಂದು ಮೊದಲ ಚಿತ್ರ ಬಂತು. ಕೈ ಎತ್ತಿ ತೋರಿಸಿದೆ. ಹೊರಗಿನ ಪರೀಕ್ಷಕರು ಆಕಳಿಕೆ ನಿಲ್ಲಿಸಿ ನನ್ನ ಕೈ ನೋಡಿದರು.

“ಮೆಹಂದಿ ಹಾಕಿದ್ದೀರೇನಮ್ಮ? ಬಣ್ಣ ಬಹಳ ಗಾಢವಾಗಿ ಬಂದಿದೆ.”

“ವರಮಹಾಲಕ್ಷ್ಮಿ ಹಬ್ಬ ಮುಗೀತಲ್ಲ ಸಾರ್. ಹಳ್ಳಿ ಹೆಣ್ಣುಮಕ್ಕಳು, ಇದರಲ್ಲೆಲ್ಲ ಮುಂದೆ,” ಎಂದರು ಉಮಾಶಂಕರ. ಎಲ್ಲರೂ ನಕ್ಕರು. ಡಾಕ್ಟರೇಟ್ ಕೊಡಲು ಬಂದವರಿಗೆ ಹೊಗೆಸೊಪ್ಪಿನ ಅಂಟೂ ಗೊತ್ತಿಲ್ಲ, ಮದರಂಗಿಯೂ ಗೊತ್ತಿಲ್ಲ. ನಾನು ಮುಂದಿನ ಚಿತ್ರ ಹಾಕಿದೆ. ನಲವತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಪರೀಕ್ಷಕರು ಒಂದೇ ಒಂದು ಪ್ರಶ್ನೆ ಕೇಳಿದರು. ಮುಂದಿನ ಹಂತದಲ್ಲಿ ಫೋರ್ಕು ಬಳಸುವ ಆಲೋಚನೆ ಇದೆಯೇ ಎಂದು.

ಊಟಕ್ಕೆ ಕೂತೆವು. ನನ್ನನ್ನು ಮಕ್ಕಳ ಸಾಲಿನ ನಡುವೆ, ಅನುವಿನ ಪಕ್ಕ ಕೂರಿಸಿದರು. ಪ್ರೇಮಮ್ಮ ಬಡಿಸಿದಳು. ಕೈಗೊಂದು ಚಮಚ ಕೊಟ್ಟರು. ಫೋಟೋದವನು ಎದುರಿಗೆ ಮಂಡಿಯೂರಿದ.

“ಮೇಡಂ, ಚಮಚ ಸ್ವಲ್ಪ ಎತ್ತಿ. ಪುಟ್ಟೀ, ನೀನು ನಗು. ಇನ್ನೂ ಸ್ವಲ್ಪ ನಗು.”

ಅನು ನಗಲು ನೋಡಿದಳು. ನಗುವಿನ ಜೊತೆಗೇ ಹೊಟ್ಟೆಯೊಳಗಿದ್ದದ್ದು ಬಂತು. ತಟ್ಟೆಯಲ್ಲಿ, ಅನ್ನದ ಮೇಲೆ, ಅವಳ ಲಂಗದ ಮೇಲೆ. ಅವಳು ಹೆದರಿ ಚಮಚವನ್ನು ಮಾತ್ರ ಬಿಡದೆ ಹಿಡಿದುಕೊಂಡಿದ್ದಳು.

ಉಮಾಶಂಕರ ಕರವಸ್ತ್ರ ಮೂಗಿಗೆ ಹಿಡಿದರು. “ಅಯ್ಯೋ, ಆ ಮಗೂನ ಆ ಕಡೆ ಕಳಿಸಿ. ಫ್ರೇಮಿನಲ್ಲಿ ಬರ್ತಾ ಇದ್ದಾಳೆ.”

ನಾನು ಚಮಚ ಕೆಳಗಿಟ್ಟೆ. ನನ್ನ ಸೆರಗಿನಲ್ಲಿ ಅನುವಿನ ಬಾಯಿ ಒರೆಸಿದೆ. ಪ್ರೇಮಮ್ಮ ಅವಳನ್ನು ಎತ್ತಿಕೊಂಡಳು. ಆಮೇಲೆ ನಾನು ನನ್ನ ತಟ್ಟೆಯ ಅನ್ನಕ್ಕೆ ಕೈ ಹಾಕಿದೆ. ಕಲಸಿದೆ. ಬಿಳಿ ಅನ್ನ ಕಂದಾಯಿತು. ಒಂದು ತುತ್ತು ಬಾಯಿಗಿಟ್ಟೆ. ನಾಲಿಗೆ ಸುರುಟಿಕೊಂಡಿತು. ಕಣ್ಣಿನಲ್ಲಿ ನೀರು ಬಂತು. ಉಗುಳದೆ ನುಂಗಿದೆ. ಫೋಟೋದವನು ಕ್ಯಾಮೆರಾ ಇಳಿಸಿದ.

“ಸಾರ್, ಇದು ಮೆಹಂದಿ ಅಲ್ಲ,” ಎಂದೆ. ಎದ್ದು ಅವರ ಮೇಜಿನ ಹತ್ತಿರ ಹೋದೆ. “ಹೊಗೆಸೊಪ್ಪಿನ ಅಂಟು. ಮುಟ್ಟಿ ನೋಡಿ.”

ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

“ಈ ಮಕ್ಕಳ ಕೈಯೂ ಇದೇ. ಬೆಳಗ್ಗೆ ಆರರಿಂದ ಈ ಧರ್ಮೇಂದ್ರ ಅವರ ಬ್ಯಾರನ್ನಿನಲ್ಲಿ ಕೂತು ಬಂದಿವೆ. ಈ ಕೈಲಿ ಅನ್ನ ಉಣ್ಣೋಕಾಗಲ್ಲ. ಅದಕ್ಕೆ ಚಮಚ. ಇದು ಟೇಬಲ್ ಮ್ಯಾನರ್ಸ್ ಅಲ್ಲ. ನಾನು ಬರೆದಿರೋ ಇನ್ನೂರು ಪುಟವೂ ಹಸಿ ಸುಳ್ಳು.”

“ಮೇಡಂ, ಎಮೋಷನಲ್ ಆಗಬೇಡಿ,” ಎಂದರು ಉಮಾಶಂಕರ. “ಲೀಡರ್ ಆದವರು ಎಮೋಷನಲ್ ಆಗಬಾರದು. ರಿಜಿಸ್ಟರ್ ಪ್ರಕಾರ ತೊಂಬತ್ತನಾಲ್ಕು...”

“ರಿಜಿಸ್ಟರೂ ಸುಳ್ಳು ಸಾರ್.”

ಅಧಿಕಾರಿಗೆ ಈಗ ಜೀವ ಬಂತು. “ಏನಂದ್ರಿ? ಸಹಿ ಯಾರದು ಅದರಲ್ಲಿ?”

“ನನ್ನದು. ಆರು ವರ್ಷದಿಂದ ಸುಳ್ಳು ಹಾಜರಿ ಬರೆದಿದ್ದೀನಿ. ಬರ್ಕೊಳಿ. ಆ ಮಕ್ಕಳು ಎಲ್ಲಿದ್ದವು ಅನ್ನೋದನ್ನೂ ಬರ್ಕೊಳಿ.” ಚೀಲದಿಂದ ನನ್ನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಯಾರೂ ತೆರೆಯಲಿಲ್ಲ.

ಧರ್ಮೇಂದ್ರ ಎದ್ದು ಬಂದ. ಮೈಸೂರಿನ ಮೇಡಂ ಅಲ್ಲೇ ಉದುರಿಹೋಯಿತು. “ಏನಮ್ಮೀ, ದೊಡ್ಡ ಮಾತಾಡ್ತಿದ್ದೀಯ? ಓಗಿ ನಿಮ್ಮವ್ವನ ಕೇಳು. ನಮ್ಮ ಮನೆ ಅನ್ನ ಎಷ್ಟು ವರ್ಸ ಉಂಡವ್ಳೆ ಅಂತ.”

“ಉಂಡಿಲ್ಲ,” ಎಂದೆ. “ಮೂವತ್ತು ವರ್ಸ ನಿನ್ನ ಅಂಗಳದಲ್ಲಿ ಅವಳ ಕೈ ಅನ್ನ ಮುಟ್ಟಾಕೇ ಆಗ್ಲಿಲ್ಲ. ನಾನು ಉಣ್ಣಿಸ್ತಿದ್ದೆ. ಇನ್ನೊಂದ್ಸಲ ಅವಳ ಎಸ್ರು ಎತ್ತಬ್ಯಾಡ.”

ಉಮಾಶಂಕರ ನನ್ನನ್ನು ಜಗುಲಿಯ ಮೂಲೆಗೆ ಕರೆದೊಯ್ದರು. ದನಿ ತಗ್ಗಿಸಿದರು. “ಪವಿತ್ರಾ, ಐದು ನಿಮಿಷ ತಗೊಳ್ಳಿ. ಕೈ ತೊಳ್ಕೊಂಡು ಬನ್ನಿ. ಏನೂ ಆಗಿಲ್ಲ ಅಂದ್ಕೋತೀವಿ. ಸಂಜೆ ಆರು ಗಂಟೆಗೆ ನೀವು ಡಾಕ್ಟರ್ ಪವಿತ್ರಾ. ನಾಲ್ಕು ವರ್ಷ ಹಾಳುಮಾಡ್ಕೋಬೇಡಿ. ನಿಮ್ಮಂಥೋರು ಮೇಲೆ ಬರೋದು ನನಗೂ ಇಷ್ಟ.”

ಒಳ್ಳೆಯವರ ಹಾಗೆಯೇ ಹೇಳಿದರು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆರು ಗಂಟೆಗೆ ಇನ್ನು ಐದು ಗಂಟೆ ಅಷ್ಟೇ ಇತ್ತು. ನಿಮ್ಮಂಥೋರು ಎಂದರಲ್ಲ, ಆ ಮಾತು ನನ್ನನ್ನು ಉಳಿಸಿತು.

“ಇದು ಐದು ನಿಮಿಷಕ್ಕೆ ಹೋಗಲ್ಲ ಸಾರ್,” ಎಂದೆ. “ನಿಮ್ಮ ಡಾಕ್ಟರೇಟ್ ನೀವೇ ಇಟ್ಕೊಳ್ಳಿ. ನನ್ನ ಹೆಸರಿನ ಹಿಂದೆ ಮುಂದೆ ಏನೂ ಅಂಟಿಸಬೇಡಿ.”

ಮೇಜಿನ ಮೇಲೆ ಪ್ರಬಂಧದ ನಾಲ್ಕು ಪ್ರತಿಗಳಿದ್ದವು. ಒಂದೊಂದರ ಮೊದಲ ಪುಟಕ್ಕೂ ಅಡ್ಡಗೆರೆ ಎಳೆದೆ. ‘ಹಿಂದಕ್ಕೆ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ನಾಲ್ಕು ಪ್ರತಿಯ ಮೇಲೂ ನನ್ನ ಹೆಬ್ಬೆರಳ ಕಪ್ಪು ಹತ್ತಿತು. ಅವರು ಆ ಪ್ರತಿಗಳನ್ನು ಪೆನ್ನಿನ ತುದಿಯಿಂದ ತಳ್ಳಿ ತಳ್ಳಿ ಚೀಲಕ್ಕೆ ಹಾಕಿಕೊಂಡರು.

ಸರ್ಕಾರದ ಫೈಲು ಆಮೆಯಂತೆ ಹೋಗುತ್ತದೆ ಎನ್ನುತ್ತಾರೆ. ನನ್ನ ಫೈಲು ಆರು ದಿನದಲ್ಲಿ ಬಂತು. ಸುಳ್ಳು ಹಾಜರಾತಿ ದಾಖಲಿಸಿದ್ದಕ್ಕೆ ಅಮಾನತು. ಆದೇಶದಲ್ಲಿ ಬ್ಯಾರನ್ ಎಂಬ ಪದವೇ ಇಲ್ಲ. ನನ್ನ ಜಾಗಕ್ಕೆ ಬಂದ ಮಾಸ್ತರರು ಮೊದಲ ದಿನವೇ ಹಾಜರಾತಿ ತೊಂಬತ್ತೈದು ಪರ್ಸೆಂಟ್ ಮಾಡಿದರು. ಎರಡು ವಾರಕ್ಕೆ ಧರ್ಮೇಂದ್ರನ ಪ್ರಬಂಧ ಅಂಗೀಕಾರವಾಯಿತು. ನನ್ನ ಪಟ್ಟಿಗಳು, ನನ್ನ ಸುಳ್ಳುಗಳು, ಅವನ ಹೆಸರು. ಗಾವಡಗೆರೆ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವನು ಕಪ್ಪು ಗೌನು ಹಾಕಿಕೊಂಡು ಆಕಾಶ ನೋಡುತ್ತಿದ್ದಾನೆ.

ಕೇರಿಯಲ್ಲಿ ನನಗೆ ಹಾರ ಹಾಕಲಿಲ್ಲ. ಧರ್ಮೇಂದ್ರ ಒಂದು ವಾರ ಕೇರಿಯವರನ್ನು ಕರೆಯದೆ ಎಚ್.ಡಿ. ಕೋಟೆ ಕಡೆಯಿಂದ ಆಳು ತರಿಸಿದ. ಅಂಕಯ್ಯ ನಮ್ಮ ಮನೆ ಮುಂದೆ ನಿಂತು ಕೂಗಾಡಿದ. “ನಿಮ್ಗೇನು ಮೇಡಂ, ಮನೇಲಿ ಕೂತ್ರೂ ಅರ್ಧ ಸಂಬ್ಳ ಬತ್ತದೆ. ನಮ್ಗ್ಯಾರು ಕೊಡ್ತಾರೆ?” ಎಂದ.

ಅವ್ವ ಒಳಗಿನಿಂದ ಕೇಳಿಸಿಕೊಂಡಳು. “ಅವ್ನು ಏಳದ್ರಲ್ಲಿ ತಪ್ಪೇನೈತೆ? ಒಂದಿನ ರೇಗಿ ಮನೇಲಿ ಕೂತ್ಕೊಂಡ್ರೆ ಆಯ್ತಾ? ಮೇಷ್ಟ್ರಮ್ಮ ಅಂದ್ಮೇಕೆ ಮಕ್ಳಿರೋ ತಾವ್ಕೆ ಓಗ್ಬೇಕು ಕಣವ್ವ,” ಎಂದಳು. ನಾಲ್ಕು ವರ್ಷ ಎಸಿಯಲ್ಲಿ ಕೂತರೂ ಯಾವ ಪ್ರೊಫೆಸರೂ ನನಗೆ ಇಷ್ಟು ಹೇಳಿರಲಿಲ್ಲ.

ಮುಂದಿನ ವಾರ ಹೊರಗಿನ ಆಳು ಸಾಲದೆ ದೊಡ್ಡಮನೆಯವರು ಕೇರಿಗೇ ಹೇಳಿ ಕಳಿಸಿದರು. ದೊಡ್ಡವರು ಹೋದರು. ಮಕ್ಕಳೂ ಹೋದವು. ನಾನೂ ಹೋದೆ.

ಬ್ಯಾರನ್ನಿನ ಗೇಟಿನ ಹೊರಗೆ ಪಂಚಾಯ್ತಿ ರಸ್ತೆ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ನಿಂತು ಒಂದು ಹೊಸ ನೋಟ್‌ಬುಕ್ ತೆರೆದು ಹೆಸರು ಕೂಗಿದೆ. ಕ್ಲಾಸಿನಲ್ಲಿ ಕೂಗುವ ಹಾಗೆ, ಒಂದೊಂದೇ. ಇಪ್ಪತ್ತೆರಡು ಹೆಸರು. ಯಾರೂ ಓಗೊಡಲಿಲ್ಲ. ಪ್ರತಿ ಹೆಸರಿನ ಮುಂದೆ ‘ಬ್ಯಾರನ್ನಿನಲ್ಲಿ’ ಎಂದು ಬರೆದುಕೊಂಡು ಮನೆಗೆ ಬಂದೆ. ಎರಡನೇ ದಿನ ಹಾಗೆಯೇ. ಮೂರನೇ ದಿನ ಒಳಗಿನಿಂದ ಯಾರೋ ನಕ್ಕರು. ನಾಲ್ಕನೇ ದಿನ ಧರ್ಮೇಂದ್ರನ ಕಾರು ಬಂದು ಪಕ್ಕದಲ್ಲಿ ನಿಂತಿತು.

“ಇದೇನು ಮೇಡಂ? ಸಸ್ಪೆಂಡ್ ಆಗಿದ್ದೀರಲ್ಲ?” ಡಾಕ್ಟರ್ ಆದಮೇಲೆ ಮತ್ತೆ ಮರ್ಯಾದೆ ಕಲಿತಿದ್ದ.

“ಅದಕ್ಕೇ ಪುರುಸೊತ್ತು ಐತೆ,” ಎಂದೆ.

“ಪೊಲೀಸ್ರಿಗೆ ಹೇಳ್ತೀನಿ.”

“ಹೇಳಿ. ಅವರ ಮುಂದೆಯೂ ಕೂಗ್ತೀನಿ. ಮಕ್ಕಳು ಎಲ್ಲಿಂದ ಓಗೊಡ್ತವೆ ಅಂತ ಅವರೂ ನೋಡ್ಲಿ.”

ಅವನು ಗಾಜು ಏರಿಸಿಕೊಂಡ. ಪೊಲೀಸರು ಬರಲಿಲ್ಲ. ಕರೆಯಲು ಅವನಿಗೇ ಧೈರ್ಯವಿರಲಿಲ್ಲ.

ಒಂಬತ್ತನೇ ದಿನ. ಅನು ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಗೇಟು ಕಿರ್ರೆಂದಿತು. ಅಂಕಯ್ಯ ಬಂದ. ಅನುವಿನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವನ ಮುಖ ನೋಡಿ ನನಗೆ ಹೊಡೆಯುತ್ತಾನೆ ಎಂದುಕೊಂಡೆ. ಹಿಂದೆ ಸರಿಯಲಿಲ್ಲ.

“ದಿನಾ ಇವಳ ಎಸ್ರು ಕೂಗ್ಬ್ಯಾಡಿ ಮೇಡಂ,” ಎಂದ. ದನಿ ಒಡೆದಿತ್ತು. “ಮಗ ಪಕ್ಕದಲ್ಲೇ ಸೊಪ್ಪು ಕಟ್ತಾ ಕೂತಿರ್ತದೆ. ನೀವು ಕೂಗ್ತೀರಿ. ಅದು ತಲೆ ಬಗ್ಗಿಸ್ಕೊಂಡು ನನ್ನ ಮಕ ನೋಡ್ತದೆ. ಒಳಗೆ ಕೂತು ಕೇಳಾಕಾಯ್ತಿಲ್ಲ ನಂಗೆ.”

ಅವಳ ರಟ್ಟೆ ಬಿಟ್ಟ. ಬಿಟ್ಟವನೇ ತಿರುಗಿ ಒಳಗೆ ಹೋಗಿ ರಾಶಿಯ ಮುಂದೆ ಕೂತ. ಇನ್ನೆರಡು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡ್ಡಿ ಕೆಳಗಿಟ್ಟು, ಎದ್ದು ಗೇಟು ದಾಟಿ ಬಂದವು. ಅಂಗಳದಲ್ಲಿ ಯಾರೂ ಅವನ್ನು ತಡೆಯಲಿಲ್ಲ.

ಮೂರು ಮಕ್ಕಳು. ಪುಸ್ತಕದಲ್ಲಿ ಇನ್ನೂ ಹತ್ತೊಂಬತ್ತು ಹೆಸರು ಉಳಿದಿದ್ದವು. ನಾನು ಮುಂದಿನ ಹೆಸರು ಕೂಗಿದೆ.